ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಕಾಗದ

ಅತ್ತೆಯವರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. "ಬರಿಯಮ್ಮ, ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದಿದ್ದಾರೆ.

ನಾವಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅತ್ತೆ ದಾವಣಗೆರೆಯಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ವಯಸ್ಸಾದವರ ಮನೆಗೆ ಎರಡು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್‌ನವರು, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು, ಅಂಚೆಯಲ್ಲಿ ಒಂದು ಕಿಟ್ ಕಳಿಸುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಕಿಟ್. 2006ರಲ್ಲಿ ಇದು ಶುರುವಾದಾಗ 60 ದಾಟಿದವರಿಗೆ ಮಾತ್ರ ಇತ್ತು. ಈಗ 50ರಿಂದ 74ರವರೆಗೆ ಎಲ್ಲರಿಗೂ ಬರುತ್ತದೆ.

ಕಿಟ್ ಅಂದರೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ. ಮುಚ್ಚಳಕ್ಕೇ ಒಂದು ಕಡ್ಡಿ ಅಂಟಿರುತ್ತದೆ. ಆ ಕಡ್ಡಿಯಿಂದ ಮಲವನ್ನು ಗೀರಿ, ಬಾಟಲಿಯೊಳಗೆ ಇಟ್ಟು ಮುಚ್ಚಿ, ತಾರೀಖು ಬರೆದು ಪೋಸ್ಟ್ ಡಬ್ಬಕ್ಕೆ ಹಾಕಬೇಕು. ಅಷ್ಟೇ. ಆದರೆ ನಮ್ಮವರಿಗೆ ಅದೇ ಬೆಟ್ಟದಂಥ ಕೆಲಸ. ಇಲ್ಲಿರುವ ದಕ್ಷಿಣ ಏಷ್ಯಾದವರಲ್ಲಿ ಕಿಟ್ ವಾಪಸ್ ಕಳಿಸುವವರು ಉಳಿದವರಿಗಿಂತ ಕಡಿಮೆ. ಯಾಕೆ ಅಂತ ನನಗೆ ಗೊತ್ತು. "ದೇವರ ಮನೆ ಇರೋ ಕಡೆ ಇದನ್ನೆಲ್ಲಾ ಇಟ್ಕೊಳ್ಳೋದಾ?" ಅಂತ ಅತ್ತೆಯೂ ಮೊದಲ ಸಲ ಬೈದು, ಕಿಟ್ಟನ್ನು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟುಬಿಟ್ಟಿದ್ದರು. ನಾನು ಒಂದು ತಿಂಗಳು ಬೆನ್ನು ಹತ್ತಿದ ಮೇಲೆ ಮಾಡಿದರು.

ಎರಡು ವಾರದಲ್ಲಿ ಕಾಗದ ಬಂತು. ಸದ್ಯಕ್ಕೆ ಹೆಚ್ಚಿನ ಪರೀಕ್ಷೆ ಬೇಕಾಗಿಲ್ಲ ಅಂತ ಅದರಲ್ಲಿತ್ತು. ಅತ್ತೆ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ದಾವಣಗೆರೆಗೆ ಫೋನ್ ಮಾಡಿ, "ನನಗೆ ಕ್ಯಾನ್ಸರ್ ಇಲ್ಲ ಅಂತ ಸರ್ಕಾರದವರೇ ಬರೆದುಕೊಟ್ಟಿದ್ದಾರೆ" ಅಂದರು. ನಾವೆಲ್ಲರೂ ಹಾಗೇ ಅಂದುಕೊಂಡೆವು. ಕಾಗದದ ಕೆಳಗೆ, ಯಾವುದಾದರೂ ತೊಂದರೆ ಕಾಣಿಸಿಕೊಂಡರೆ ಮುಂದಿನ ಕಿಟ್‌ಗೆ ಕಾಯಬೇಡಿ, ಜಿಪಿ (ನಮ್ಮ ಏರಿಯಾದ ಡಾಕ್ಟರ್) ಹತ್ತಿರ ಹೋಗಿ ಅಂತಲೂ ಇತ್ತು. ಅದನ್ನು ನಮ್ಮಲ್ಲಿ ಒಬ್ಬರೂ ಓದಲಿಲ್ಲ.

ಐದಾರು ತಿಂಗಳಾದ ಮೇಲೆ ಅತ್ತೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮುಖ ಬಿಳುಚಿಕೊಂಡಿತ್ತು. ದಿನಕ್ಕೆ ಮೂರು ನಾಲ್ಕು ಸಲ ಹೊರಕಡೆಗೆ ಹೋಗುತ್ತಿದ್ದರು. "ಕಾಗದ ಬಂದಿದೆಯಲ್ಲ, ಅದಲ್ಲ ಬಿಡು" ಅಂತ ಅವರೇ ಹೇಳುತ್ತಿದ್ದರು. ನಾನೂ ಬೀಟ್‌ರೂಟ್, ಖರ್ಜೂರ ಕೊಡುತ್ತಾ ಮೂರು ತಿಂಗಳು ಕಳೆದೆ. ಆ ಮೂರು ತಿಂಗಳ ನೋವು ನನಗೆ ಇನ್ನೂ ಹೋಗಿಲ್ಲ.

ಈ ಪರೀಕ್ಷೆ ಕ್ಯಾನ್ಸರನ್ನು ಹುಡುಕುವುದಿಲ್ಲ. ಇದು ಹುಡುಕುವುದು ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆಯಾ ಅಂತ. ಹೆಸರು ಫಿಟ್. ರಕ್ತದ ಪ್ರಮಾಣ ಇಷ್ಟು ದಾಟಿದರೆ ಮುಂದಿನ ಪರೀಕ್ಷೆಗೆ ಕರೆಯೋಣ ಅಂತ ಒಂದು ಗೆರೆ ಹಾಕಿಕೊಂಡಿರುತ್ತಾರೆ. ಅತ್ತೆಯ ಕಾಗದ ಬಂದಾಗ ಇಂಗ್ಲೆಂಡಿನಲ್ಲಿ ಆ ಗೆರೆ ಒಂದು ಗ್ರಾಂ ಮಲಕ್ಕೆ 120 ಮೈಕ್ರೊಗ್ರಾಂ ಹಿಮೋಗ್ಲೋಬಿನ್. ಪಕ್ಕದ ಸ್ಕಾಟ್ಲೆಂಡ್‌ನಲ್ಲಿ 80. ಅಂದರೆ ಇಲ್ಲಿ 100 ಇದ್ದವರಿಗೆ "ಬೇಕಾಗಿಲ್ಲ" ಅನ್ನುವ ಕಾಗದ ಬರುತ್ತಿತ್ತು. ಅದೇ 100 ಅಲ್ಲಿ ಇದ್ದಿದ್ದರೆ ಆಸ್ಪತ್ರೆಗೆ ಕರೆ ಬರುತ್ತಿತ್ತು. ತೊಂದರೆ ಇದೆ ಅಂತ ಜಿಪಿ ಹತ್ತಿರ ಹೋದವರಿಗೂ ಇದೇ ಫಿಟ್ ಮಾಡಿಸುತ್ತಾರೆ. ಆಗ ಗೆರೆ ಬರೀ 10! ಇದನ್ನು ಕೇಳಿದ ದಿನ ನಾನು ಸುಮ್ನೆ ಕೂತುಬಿಟ್ಟೆ.

ಯಾಕೆ ಹೀಗೆ? ತಪಾಸಣೆ ಇರುವುದು ಏನೂ ತೊಂದರೆ ಇಲ್ಲದ ಲಕ್ಷಾಂತರ ಜನರಿಗೆ. ಗೆರೆಯನ್ನು ತೀರಾ ಕೆಳಗಿಟ್ಟರೆ ಅಷ್ಟೊಂದು ಜನಕ್ಕೆ ಕೊಲೊನೊಸ್ಕೊಪಿ, ಅಂದರೆ ಕ್ಯಾಮೆರಾ ಇರುವ ನಳಿಕೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಬೇಕಾಗುತ್ತದೆ. ಮಾಡುವ ಡಾಕ್ಟರ್‌ಗಳೂ ನರ್ಸ್‌ಗಳೂ ಅಷ್ಟಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಕಾಗದದಲ್ಲಿ ಅವರವರ ರಕ್ತದ ಅಂಕಿ ಎಷ್ಟು ಅಂತ ಬರೆಯುವುದಿಲ್ಲ. ಬರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಸಕ್ಕರೆ ಕಾಯಿಲೆಯವರು ತಮ್ಮ ಅಂಕಿಯನ್ನು ಬಾಯಿಪಾಠ ಹೇಳುತ್ತಾರಲ್ವಾ? ಇದನ್ನೂ ತಿಳಿದುಕೊಳ್ಳಬಲ್ಲರು.

ಕರುಳಿನ ಗಡ್ಡೆಯಿಂದ ರಕ್ತ ದಿನಾ ಬರಬೇಕೆಂದಿಲ್ಲ. ಇವತ್ತು ಬರಬಹುದು, ನಾಳೆ ನಿಲ್ಲಬಹುದು. ಕಿಟ್ ಮಾಡಿದ ದಿನ ಬರದಿದ್ದರೆ ಗೊತ್ತೇ ಆಗುವುದಿಲ್ಲ. ಬಲಭಾಗದ ಕರುಳಿನ ಗಡ್ಡೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತ ಸೋರಿಸುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಅತ್ತೆಗೆ ಆಗಿದ್ದು ಅದೇ. ಕೊನೆಗೆ ಜಿಪಿ ರಕ್ತ ಪರೀಕ್ಷೆ ಮಾಡಿಸಿದರು, ಮತ್ತೆ ಫಿಟ್ ಮಾಡಿಸಿದರು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಬಲಭಾಗದ ಕರುಳನ್ನು ಕತ್ತರಿಸಿ ತೆಗೆದರು. ಈಗ ಎರಡು ವರ್ಷವಾಯಿತು, ಚೆನ್ನಾಗಿದ್ದಾರೆ.

ಇದನ್ನು ಓದಿ "ಹಾಗಾದರೆ ಕಿಟ್ ಯಾಕೆ ಬೇಕು" ಅಂತ ಯಾರೂ ಅನ್ನಬೇಡಿ, ದಯವಿಟ್ಟು. ಬೇಕೇ ಬೇಕು. ಪಾಲಿಪ್ ಅನ್ನುವ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಸಿಕ್ಕರೆ ಕೊಲೊನೊಸ್ಕೊಪಿ ಮಾಡುವಾಗಲೇ ತಂತಿಯ ಕುಣಿಕೆ ಹಾಕಿ ಕತ್ತರಿಸುತ್ತಾರೆ. ಕತ್ತರಿಸಿದ್ದು ಗೊತ್ತೂ ಆಗುವುದಿಲ್ಲ.

ನನ್ನ ಗೆಳತಿಯ ಮಾವನಿಗೆ ಇನ್ನೊಂದು ಥರದ ಕಾಗದ ಬಂದಿತ್ತು, ಹೆಚ್ಚಿನ ಪರೀಕ್ಷೆ ಬೇಕು ಅಂತ. ಕಿಟ್ ಕಳಿಸಿದ ನೂರು ಜನರಲ್ಲಿ ಸುಮಾರು ಇಬ್ಬರಿಗೆ ಹಾಗೆ ಬರುತ್ತದೆ. ಹಾಗೆ ಬಂದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಆ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಆ ಹಿರಿಯರು ಬೆಂಗಳೂರಿಗೆ ಹೋದಾಗ ಒಂದು ಲ್ಯಾಬ್‌ನಲ್ಲಿ ಮಲ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. "ನೋಡಿ, ಇಂಗ್ಲೆಂಡಿನವರದ್ದೇ ತಪ್ಪು" ಅಂತ ನಿರಾಳವಾದರು. ಇದು ತುಂಬಾ ಅಪಾಯದ ನಿರಾಳ. ಒಂದು ಸಲ ಗೆರೆ ದಾಟಿದರೆ ಮತ್ತೆ ಮಲ ಪರೀಕ್ಷೆ ಮಾಡಿ ಅದನ್ನು ಅಳಿಸಲು ಆಗುವುದಿಲ್ಲ, ಒಳಗೆ ನೋಡಲೇಬೇಕು. ಗೆಳತಿ ಜಗಳವಾಡಿ ಅವರನ್ನು ಕರೆದೊಯ್ದಳು. ಎರಡು ಪಾಲಿಪ್ ಸಿಕ್ಕವು, ಒಂದು ಒಂದು ಸೆಂಟಿಮೀಟರಿಗಿಂತ ದೊಡ್ಡದು. ಎರಡನ್ನೂ ತೆಗೆದರು. ಮೂರು ವರ್ಷದ ಮೇಲೆ ಮತ್ತೆ ಬನ್ನಿ ಅಂದರು.

75 ಆದ ಮೇಲೆ ಕಿಟ್ ತಾನಾಗಿ ಬರುವುದಿಲ್ಲ. ಬೇಕಿದ್ದವರು ಫೋನ್ ಮಾಡಿ ತರಿಸಿಕೊಳ್ಳಬಹುದು. ಗಟ್ಟಿಮುಟ್ಟಾಗಿ ಇರುವವರು ಕೇಳಲಿ ಅಂತ ನಾನು ಹೇಳುತ್ತೇನೆ. ತೀರಾ ನಿತ್ರಾಣವಾದವರಿಗೆ ಕೊಲೊನೊಸ್ಕೊಪಿಗೆ ಮುಂಚೆ ಆ ಭೇದಿ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳುವುದೇ ಒಂದು ಶಿಕ್ಷೆ. ಅವರ ವಿಷಯದಲ್ಲಿ ಡಾಕ್ಟರ್ ಜೊತೆ ಕೂತು ಯೋಚನೆ ಮಾಡಬೇಕು.

ಊರಲ್ಲಿರುವ ನಮ್ಮ ಅಪ್ಪ ಅಮ್ಮಂದಿರಿಗೆ ಇಂಥ ಕಾಗದವೇ ಬರುವುದಿಲ್ಲ. ಭಾರತದ ಸರ್ಕಾರಿ ತಪಾಸಣೆಯಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ನಮ್ಮ ದೇಶದಲ್ಲಿ ಕರುಳಿನ ಕ್ಯಾನ್ಸರ್ ಇಲ್ಲಿಗಿಂತ ತುಂಬಾ ಕಡಿಮೆ, ಅದೂ ಒಂದು ಕಾರಣ. ಹಾಗಾಗಿ ಎಲ್ಲರೂ ಓಡಿಹೋಗಿ ಕೊಲೊನೊಸ್ಕೊಪಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ರಕ್ತ ಹೋದರೆ ಮೂಲವ್ಯಾಧಿ ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿಕೊಳ್ಳುವುದು, ಅರವತ್ತು ದಾಟಿದವರಿಗೆ ರಕ್ತ ಕಡಿಮೆ ಅಂದ ಕೂಡಲೇ ಟಾನಿಕ್ ತರುವುದು, ಇವೆರಡನ್ನು ಬಿಡೋಣ. ಆ ವಯಸ್ಸಿನಲ್ಲಿ ಹಿಮೋಗ್ಲೋಬಿನ್ ಇಳಿದರೆ ಎಲ್ಲಿ ಸೋರಿ ಹೋಗುತ್ತಿದೆ ಅಂತ ಮೊದಲು ಕೇಳಬೇಕು. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ಕಾಯಿಲೆ ಆಗಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರ್‌ಗೆ ಹೇಳಬೇಕು.

ಹೋದ ವಾರ ನನ್ನ ಗಂಡನ ಹೆಸರಿಗೆ ಮೊದಲ ಕಿಟ್ ಬಂತು. ಅತ್ತೆ ಅದನ್ನು ಬಚ್ಚಲುಮನೆ ಬಾಗಿಲ ಹತ್ತಿರ ತಾವೇ ಇಟ್ಟರು. ದಾವಣಗೆರೆಗೆ ಫೋನ್ ಮಾಡಿದಾಗ ಈಗ ಅವರು ಮೊದಲು ಕೇಳುವುದು, "ಹಿಮೋಗ್ಲೋಬಿನ್ ಎಷ್ಟಿದೆ? ನೋಡಿಸಿದ್ದು ಯಾವಾಗ?"