ನಮ್ಮ ಸೋದರಮಾವ ಬಾಡಿಗೆಯ ಜಾಮೀನುದಾರರಲ್ಲ

“ಎಷ್ಟು ಕೊಟ್ಟು ಕರೆದುಕೊಂಡು ಬಂದಿದ್ದೀರಿ ಈ ಅಜ್ಜನನ್ನು?” ನಿನ್ನೆ ಮಧ್ಯಾಹ್ನ ನ್ಯಾಯಾಲಯದಲ್ಲಿ, ನನ್ನ ತಮ್ಮನಿಗೆ ಜಾಮೀನು ನಿಲ್ಲಲು ಬಂದ ಸೋದರಮಾವನನ್ನು ತೋರಿಸಿ ಕೇಳಿದ ಈ ಪ್ರಶ್ನೆ ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಕೇಳಿದವರಿಗೆ ಅದು ದಿನಕ್ಕೆ ಹತ್ತು ಸಲ ಆಡುವ ಮಾತಿರಬಹುದು, ಆದರೆ ನಮ್ಮ ಮನೆಯಲ್ಲಿ ಯಾರೂ ಮಾವನನ್ನು ಏಕವಚನದಲ್ಲಿ ಕರೆದದ್ದೂ ಇಲ್ಲ.

ತಮ್ಮನ ಮೇಲಿನ ಪ್ರಕರಣ ಏನು, ತಪ್ಪು ಯಾರದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ಜಾಮೀನು ಗುರುವಾರವೇ ಮಂಜೂರಾಗಿದೆ. ತಮ್ಮ ಬರೆದುಕೊಡಬೇಕಾದ 50,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರರ ಭದ್ರತೆ. ಆದರೂ ಅವನು ಈ ಹೊತ್ತಿಗೂ ಪರಪ್ಪನ ಅಗ್ರಹಾರದಲ್ಲಿಯೇ ಇದ್ದಾನೆ. ಜಾಮೀನು ಸಿಗುವುದೂ ಬಿಡುಗಡೆಯಾಗುವುದೂ ಒಂದೇ ಅಲ್ಲ ಎಂಬುದನ್ನು ತಿಳಿಯಲು ನಮಗೆ ಇಷ್ಟು ದಿನ ಬೇಕಾಯಿತು.

ನಮ್ಮ ತಂದೆ ಇಲ್ಲ. ನಮ್ಮಿಬ್ಬರನ್ನೂ ಓದಿಸಿದವರು ಅಮ್ಮನ ಅಣ್ಣ, ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ರೈತ. ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಪಹಣಿ, ಕಂದಾಯ ಕಟ್ಟಿದ ರಸೀದಿ, ಆಧಾರ್, ಫೋಟೊ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ ತಂದಿದ್ದರು. ಹಬ್ಬಕ್ಕೆ ಮಾತ್ರ ಉಡುವ ಬಿಳಿ ಪಂಚೆ ಉಟ್ಟಿದ್ದರು. ನ್ಯಾಯಾಲಯದ ಹೆಸರನ್ನು ಬರೆಯುವುದಿಲ್ಲ. ಎಲ್ಲ ಕಡೆಯೂ ಇದೇ ಆಗುತ್ತದೆ ಎಂದು ಹೇಳುವವರು ಹತ್ತು ಮಂದಿ ಸಿಕ್ಕಿದ್ದಾರೆ.

ಮೇಜಿನ ಹಿಂದಿದ್ದವರು ಮೊದಲು ಆರೋಪಿಯ ಹೆಸರು ಕೇಳಿದರು. ಮಾವನಿಗೆ ಕಿವಿ ಸ್ವಲ್ಪ ಮಂದ. ಎರಡನೆಯ ಸಲ ಕೇಳಿದಾಗ “ನಮ್ಮ ಪಾಪಣ್ಣಿ” ಎಂದರು. ಇಪ್ಪತ್ತಾರು ವರ್ಷಗಳಿಂದ ಅವರು ಅವನನ್ನು ಬೇರೆ ಹೆಸರಿನಿಂದ ಕರೆದೇ ಇಲ್ಲ. ಹಿಂದೆ ನಿಂತಿದ್ದವರು ನಕ್ಕರು. ಮಾವ ಗಾಬರಿಯಾಗಿ ನನ್ನ ಮುಖ ನೋಡಿದರು; ನಾನು ಹೆಸರು ಹೇಳಲು ಬಾಯಿ ತೆರೆದಾಗ, “ನೀವು ಹೇಳಿಕೊಡಬೇಡಿ” ಎಂದು ಗದರಿದರು. ಆಮೇಲೆ ವಿಳಾಸ ಕೇಳಿದರು. “ಲಗ್ಗೆರೆಯಲ್ಲಿ ಮನೆ ಸ್ವಾಮಿ, ಎಷ್ಟನೇ ಕ್ರಾಸೋ ತಿಳಿಯದು, ಬಸ್ ಸ್ಟಾಪಿಗೆ ಹುಡುಗನೇ ಬಂದು ಕರೆದುಕೊಂಡು ಹೋಗುತ್ತಾನೆ” ಎಂದರು ಮಾವ. ಅದು ಸತ್ಯ. ಆ ಹುಡುಗನೇ ಈಗ ಒಳಗಿದ್ದಾನೆ. ಆಗ ಬಂದದ್ದು ಆ ಪ್ರಶ್ನೆ. ಮಾವ ಅದನ್ನು ಬಸ್ ಚಾರ್ಜಿನ ವಿಚಾರ ಎಂದು ತಿಳಿದು, “ನಾನೇ ಕೊಟ್ಟುಕೊಂಡು ಬಂದೆ ಸ್ವಾಮಿ” ಎಂದು ಉತ್ತರಿಸಿದರು. ಮತ್ತೆ ನಗು. ಈ ಬಾರಿ ಅವರಿಗೂ ಅರ್ಥವಾಯಿತು. ಅರ್ಥವಾದ ಕ್ಷಣದಲ್ಲಿ ಅವರ ಕೈ ಪಂಚೆಯ ಅಂಚನ್ನು ಸರಿಮಾಡಿದ್ದನ್ನು ನಾನು ನೋಡಿದೆ. ನಾನು ಏನೂ ಮಾತನಾಡಲಿಲ್ಲ. ಮಾತನಾಡಿದರೆ ತಮ್ಮನ ಕೆಲಸ ಕೆಟ್ಟೀತು ಎಂಬ ಭಯ. ಸುಮ್ಮನಿದ್ದದ್ದಕ್ಕೆ ಕೆಲಸವೇನೂ ಆಗಲಿಲ್ಲ.

ಪಹಣಿ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ, ಮೇಲಾಗಿ ಹೊರ ಜಿಲ್ಲೆಯದು, ಸ್ಥಳೀಯ ಜಾಮೀನುದಾರರನ್ನು ಕರೆತನ್ನಿ ಎಂದರು. ಮಾಗಡಿ ಇರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ನಮ್ಮ ಮಾವನ ಒಂದು ಎಕರೆ ಹತ್ತು ಗುಂಟೆ ಮಾತ್ರ ಇನ್ನೂ ಬೆಂಗಳೂರಿಗೆ ಹೊರಗಿನದೇ. ಗೇಟಿನ ಹೊರಗೆ ಬಂದು ಐದು ನಿಮಿಷವಾಗಿರಲಿಲ್ಲ, ಒಬ್ಬ ಪಕ್ಕಕ್ಕೆ ಬಂದು, ಐದು ಸಾವಿರ ಕೊಟ್ಟರೆ ಲೋಕಲ್ ಶ್ಯೂರಿಟಿ ಇವತ್ತೇ ನಿಲ್ಲಿಸುತ್ತೇನೆ ಎಂದ. ದಾಖಲೆಗಳೆಲ್ಲ ಪಕ್ಕಾ ಇರುತ್ತವಂತೆ, ಹೆಸರು ವಿಳಾಸಗಳನ್ನು ತಪ್ಪಿಲ್ಲದೆ ಹೇಳುತ್ತಾರಂತೆ. ಹಣ ಪಡೆದು ನಿಲ್ಲುವವನು ಪಾಠ ಒಪ್ಪಿಸಿ ಪಾಸಾಗುತ್ತಾನೆ, ಹುಡುಗನನ್ನು ಎತ್ತಿ ಆಡಿಸಿದವರು ಅನುಮಾನಕ್ಕೆ ಗುರಿಯಾಗುತ್ತಾರೆ. ನಕಲಿ ಜಾಮೀನುದಾರರ ಹಾವಳಿಯಿಂದ ನ್ಯಾಯಾಲಯದವರು ಎಚ್ಚರಿಕೆ ವಹಿಸಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಎಚ್ಚರಿಕೆಯ ಪೆಟ್ಟು ಯಾರ ಮೇಲೆ ಬೀಳುತ್ತಿದೆ ಎಂದು ನೋಡುವವರು ಯಾರೂ ಇಲ್ಲವೇ?

ಇದು ಹೊಸ ಪ್ರಶ್ನೆಯೂ ಅಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವರಿಗೆ 10,000 ರೂಪಾಯಿಯ ಭದ್ರತೆ ಕೇಳಿ, ಅವರ ಸಹೋದರನ ಜಾಮೀನನ್ನು ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ತಿರಸ್ಕರಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶಿಸಿದರು. 2023ರ ಜನವರಿ 31ರಂದು ಅದೇ ಸುಪ್ರೀಂ ಕೋರ್ಟ್, ಸ್ಥಳೀಯ ಜಾಮೀನುದಾರರೇ ಬೇಕೆಂಬ ಒತ್ತಾಯದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಷರತ್ತನ್ನು ಹಾಕದಿರುವುದು ಒಳಿತು ಎಂದಿತು. ಜಾಮೀನು ಸಿಕ್ಕ ಏಳು ದಿನಗಳಲ್ಲಿ ಕೈದಿ ಹೊರಬಾರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದೂ ಹೇಳಿತು. ಇಷ್ಟೆಲ್ಲ ಬರಹದಲ್ಲಿದೆ. ನಿನ್ನೆ ಆ ಮೇಜಿನ ಮೇಲೆ ಅದರ ಒಂದು ಸಾಲೂ ಇರಲಿಲ್ಲ.

ನನ್ನನ್ನು ಹೆಚ್ಚು ಸುಡುತ್ತಿರುವುದು ಇನ್ನೊಂದು ಸಂಗತಿ. ಠಾಣೆಯಲ್ಲಿ “ಜಾಮೀನುರಹಿತ ಅಪರಾಧ” ಎಂದಾಗ ಅಮ್ಮ ಇನ್ನು ಮಗ ಬರುವುದೇ ಇಲ್ಲ ಎಂದು ಅಲ್ಲೇ ಕುಸಿದು ಕುಳಿತರು. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಲಯ ವಿವೇಚಿಸಿ ಕೊಡಬಹುದು ಎಂಬುದಷ್ಟೇ ಅದರ ಅರ್ಥ ಎಂದು ಒಬ್ಬರೂ ಹೇಳಲಿಲ್ಲ. ಮುಚ್ಚಳಿಕೆ ಎಂದರೆ 50,000 ರೂಪಾಯಿ ಕಟ್ಟುವುದಲ್ಲ, ಆರೋಪಿ ತಪ್ಪಿಸಿಕೊಂಡರೆ ಆ ಹಣಕ್ಕೆ ನಾನು ಹೊಣೆ ಎಂದು ಬರೆದುಕೊಡುವುದು ಎಂದು ತಿಳಿಯದೆ ಅಮ್ಮ ಎರಡು ಬಳೆಗಳನ್ನು ಅಡವಿಟ್ಟರು. ಜಾಮೀನುದಾರರೇ ಸಿಗದಿದ್ದರೆ, ಅವರ ಬದಲು ನಗದು ಠೇವಣಿ ಇಡಲು ಅನುಮತಿ ಕೋರಿ ಅರ್ಜಿ ಹಾಕಬಹುದು ಎಂಬುದು ನಿನ್ನೆ ಸಂಜೆ ತಿಳಿಯಿತು. ಬಳೆಯ ಹಣ ಆ ಹೊತ್ತಿಗೆ ವಕೀಲರ ಶುಲ್ಕಕ್ಕೆ ಖರ್ಚಾಗಿತ್ತು. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ವಕೀಲರಿಗೆ ಅರ್ಹರು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಬೆಂಗಳೂರಿನ ಸಿದ್ಧಯ್ಯ ರಸ್ತೆಯಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿರುವ ನ್ಯಾಯದೇಗುಲಕ್ಕೆ ಹೋಗಿ ಕೇಳಬಹುದು. ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಬಂಧಿಸಿದ ರಾತ್ರಿ ಆ ಐದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಯಾರಿಗೆ ಏನು ಕಷ್ಟವಿತ್ತು? ಯಾರಾದರೂ ಉತ್ತರ ಹೇಳಿ. ಪೊಲೀಸರು, ವಕೀಲರು, ನ್ಯಾಯಾಲಯದ ಸಿಬ್ಬಂದಿ, ಇದನ್ನು ಓದುವ ಯಾರೇ ಆಗಿರಲಿ, ಉತ್ತರ ಹೇಳಿ.

ಉತ್ತರ ಬರುವುದಿಲ್ಲ ಎಂದು ಗೊತ್ತಿದೆ. ಬಂದರೂ ನಿನ್ನೆಯ ನಗುವನ್ನು ಯಾರೂ ವಾಪಸು ತೆಗೆದುಕೊಳ್ಳಲಾರರು. ತಮ್ಮ ಹೊರಗೆ ಬಂದರೆ ಸಾಕು, ಉಳಿದದ್ದನ್ನು ಮರೆಯೋಣ ಎಂದು ಅಮ್ಮ ಹೇಳುತ್ತಿದ್ದಾರೆ. ಬೆಳಗಿನವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಆರಕ್ಕೆ ಮಾವ ಫೋನ್ ಮಾಡಿದರು. ನಕಲು ತೆಗೆಸಿದ ಕಾಗದಗಳೆಲ್ಲ ಸರಿಯಾಗಿವೆ, ನಿನ್ನ ವಕೀಲರು ಒಪ್ಪಿದರೆ ಸೋಮವಾರ ಮತ್ತೆ ಬರುತ್ತೇನೆ ಎಂದರು. ಆಮೇಲೆ ಸ್ವಲ್ಪ ತಡೆದು, ತಮ್ಮನ ಪೂರ್ತಿ ಹೆಸರನ್ನೂ, ಮನೆ ನಂಬರನ್ನೂ, ಮೇನನ್ನೂ, ಕ್ರಾಸನ್ನೂ ಒಂದೇ ಉಸಿರಿನಲ್ಲಿ ಹೇಳಿ, “ಸರಿಯಾಗಿದೆಯಾ ಮಗಳೇ?” ಎಂದು ಕೇಳಿದರು.