ಬಳಚು ತೆಗೆಯುವ ಜನ, ಚಿಪ್ಪು ನುಂಗುವ ಹಕ್ಕಿ

ಜನವರಿಯಲ್ಲಿ ಹಕ್ಕಿ ನೋಡಲು ಹೋಗೋಣ ಎಂದಾಗ ಇಲ್ಲಿ ಇಂಗ್ಲೆಂಡಿನ ಗೆಳೆಯ ಭರತ-ಇಳಿತದ ಪಟ್ಟಿ ತೆಗೆದ. ನಾನು ಕುಮಟೆಗೆ ಫೋನ್ ಮಾಡಿ, "ಆಯಿ, ಅಮಾವಾಸ್ಯೆ ಯಾವತ್ತು?" ಎಂದು ಕೇಳಿದೆ. ಇಬ್ಬರ ಲೆಕ್ಕವೂ ಒಂದೇ ವಾರಕ್ಕೆ ಬಂತು. ಅಮಾವಾಸ್ಯೆ-ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇಂಗ್ಲೆಂಡಿನ ಪೂರ್ವ ಕರಾವಳಿಯ ಸ್ನೆಟಿಶಮ್. ಮುಂದೆ ವಾಶ್ ಎಂಬ ದೊಡ್ಡ ಕೊಲ್ಲಿ. ಇನ್ನೂ ನಸುಕು. ಮೊದಲು ಹೆಬ್ಬಾತುಗಳು ಕೂಗುತ್ತ ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ಹೊಲಗಳ ಕಡೆ ಹೋದವು. ಆಮೇಲೆ ನೀರು ಏರಿತು. ಕೆಸರು ಮುಳುಗುತ್ತ ಬಂದ ಹಾಗೆ ನಾಟ್ ಎಂಬ ಬೂದು ಹಕ್ಕಿಗಳು ದಂಡೆಗೆ ಒತ್ತಿಕೊಂಡವು. ಕೊನೆಗೆ ಕಾಲಿಡಲೂ ಜಾಗ ಉಳಿಯಲಿಲ್ಲ. ಸಾವಿರಾರು ಹಕ್ಕಿಗಳು ಒಟ್ಟಿಗೇ ಎದ್ದವು. ತಿರುಗಿದರೆ ಬೆಳ್ಳಗೆ, ಮತ್ತೆ ತಿರುಗಿದರೆ ಕಪ್ಪಗೆ. ತಲೆಯ ಮೇಲೆ ಹಾದಾಗ, ದೂರದ ಗದ್ದೆಯಿಂದ ಮಳೆ ಓಡಿ ಬಂದ ಹಾಗೆ ಸದ್ದು.

ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರದ ತುದಿಯಿಂದ ಅವು ಬರುವುದು ಕೆಸರಿನೊಳಗಿನ ಪುಟ್ಟ ಚಿಪ್ಪಿಗಾಗಿ. ಚಿಪ್ಪು ಸಮೇತ ನುಂಗಿ, ಹೊಟ್ಟೆಯಲ್ಲೇ ಪುಡಿ ಮಾಡುತ್ತವೆ.

ಕುಮಟೆ ಹತ್ತಿರದ ನಮ್ಮ ಅಘನಾಶಿನಿ ಅಳಿವೆಯೂ ಹೀಗೇ ಅಲ್ವಾ? ಇಳಿತದಲ್ಲಿ ಜನ ನೀರಿಗಿಳಿದು ಬಳಚು ಎಂಬ ತಿನ್ನುವ ಚಿಪ್ಪು ತೆಗೆಯುತ್ತಾರೆ. ಸ್ವಲ್ಪ ಆಚೆ, ಉದ್ದ ಕೊಕ್ಕಿನ ಕರ್ಲ್ಯೂ ಅದೇ ಕೆಸರಿಗೆ ಕೊಕ್ಕು ಚುಚ್ಚುತ್ತದೆ. ಇಂಗ್ಲೆಂಡಿನಲ್ಲಿ ಹಕ್ಕಿ ನೋಡುವವರಿಗೆ ಬೇರೆ ಗುಡಿಸಲು, ಕಿಂಡಿ, ಪಿಸುಮಾತು. ಅದು ಸರಿಯೇ. ಆದರೂ ನನಗೆ ಪ್ರೀತಿ ನಮ್ಮೂರಿನ ರೀತಿಯ ಮೇಲೆ. ಅಲ್ಲಿ ಮನುಷ್ಯ ಹಕ್ಕಿಯ ಪಕ್ಕದಲ್ಲೇ ದುಡಿಯುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ಇವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಇವರು ಬರೆದಿಡುತ್ತಾರೆ. 1947ರಿಂದ ಈ ದೇಶದಲ್ಲಿ ನೀರಹಕ್ಕಿಗಳ ಎಣಿಕೆ ನಡೆದಿದೆ. ತಿಂಗಳಿಗೊಂದು ದಿನ ಸಾಮಾನ್ಯ ಜನರೇ ಚಳಿಯಲ್ಲಿ ನಿಂತು ಎಣಿಸುತ್ತಾರೆ. ಸಂಬಳವಿಲ್ಲ. 1990ರ ದಶಕದಲ್ಲಿ ಇದೇ ವಾಶ್‌ನಲ್ಲಿ ಚಿಪ್ಪು ತೀರಾ ಕಮ್ಮಿಯಾಗಿ, ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ಹಸಿವಿನಿಂದ ಸತ್ತವು. ಹಳೆಯ ಲೆಕ್ಕ ಕೈಯಲ್ಲಿತ್ತು. ಹಾಗಾಗಿ ಎಷ್ಟು ಕಳೆದುಕೊಂಡೆವು ಎಂದು ತಿಳಿಯಿತು, ಯಾಕೆ ಎಂದು ಕೇಳುವುದಕ್ಕೂ ಆಯಿತು.

ಅಘನಾಶಿನಿ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ತುಂಬಾ ಖುಷಿಪಟ್ಟೆ. ಆದರೆ ಬೋರ್ಡು ಹಾಕಿ, ಬೇಲಿ ಕಟ್ಟಿ, ಬಳಚು ತೆಗೆಯುವವರನ್ನು ಆಚೆ ನಿಲ್ಲಿಸುವುದು ಬೇಡ. ಯಾವ ಹಕ್ಕಿ ಯಾವ ತಿಂಗಳು ಬಂತು, ಈ ಸಲ ಕಮ್ಮಿಯೋ ಜಾಸ್ತಿಯೋ ಎಂದು ಅವರಿಗೆ ಗೊತ್ತು. ಎಣಿಸುವವರು ಮೊದಲು ಕೇಳಬೇಕಾದ್ದು ಅವರನ್ನೇ.

ಮುಂದಿನ ಜನವರಿಗೆ ರಜೆ ಕೇಳಿದ್ದೇನೆ. ನಮ್ಮ ನೆರೆಮನೆಯ ಅಕ್ಕ ದಿನಾ ಬಳಚಿಗೆ ಹೋಗುತ್ತಾಳೆ. ಅವಳ ಜೊತೆ ಕೂತು ಒಂದು ಪಟ್ಟಿ ಪುಸ್ತಕ ಶುರು ಮಾಡಬೇಕು. ಎಡಗಡೆ ಹಕ್ಕಿ, ಬಲಗಡೆ ಅವತ್ತು ಸಿಕ್ಕ ಬಳಚು.