ಎಂಟನೇ ಅಂಕಿ

2.2.2.2 – 4.2.3.1 – ಟಿಂಪ್, ಪರ್ಕ್ – ಸ್ಟ್ರಿಂಗ್ಸ್.

ಮಗ ಸೇರಿರುವ ಇಲ್ಲಿನ ಆರ್ಕೆಸ್ಟ್ರಾದಿಂದ ಬಂದ ಮೆಸೇಜು ಇಷ್ಟೇ. ಮೇಲೆ ‘ಡ್ವೊರ್ಜಾಕ್ 9’ ಅಂತ ಒಂದು ಸಾಲು: ಡ್ವೊರ್ಜಾಕ್ ಅನ್ನೋ ಸಂಗೀತಗಾರರ ಒಂಬತ್ತನೇ ಸಿಂಫನಿ, ಅಂದ್ರೆ ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ಉದ್ದದ ಕೃತಿ. ನಮ್ಮೆಜಮಾನ್ರು ಸಾಫ್ಟ್‌ವೇರ್‌ನವರು. 2.2.2.2 ನೋಡಿದ್ದೇ ಐಪಿ ಅಡ್ರೆಸ್ ಅಂತ ಬ್ರೌಸರಿಗೆ ಹಾಕಿದರು. ಏನೂ ತೆರೆಯಲಿಲ್ಲ. ವೈಫೈದೇ ತೊಂದರೆ ಅಂತ ರೌಟರ್ ಆಫ್ ಮಾಡಿದರು. ಅತ್ತೆಯ ಧಾರಾವಾಹಿ ಅರ್ಧಕ್ಕೇ ನಿಂತಿತು. ಆಮೇಲೆ ನಡೆದದ್ದನ್ನು ಇಲ್ಲಿ ಬರೆಯೋದು ಬೇಡ.

ಅದು ಯಾವ ವಾದ್ಯಕ್ಕೆ ಎಷ್ಟು ಜನ ಬೇಕು ಅನ್ನೋ ಪಟ್ಟಿ, ಲೆಕ್ಕ ಸುಲಭ. ಮೊದಲ ನಾಲ್ಕು ಅಂಕಿ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್. ಗೆರೆ ದಾಟಿದರೆ ಹಿತ್ತಾಳೆ ವಾದ್ಯ ಊದುವವರು: ಹಾರ್ನ್ ನಾಲ್ಕು, ಟ್ರಂಪೆಟ್ ಎರಡು, ಟ್ರಾಂಬೋನ್ ಮೂರು, ಟ್ಯೂಬಾ ಒಂದು. ಈ ಸಾಲು ಅದಲುಬದಲಾಗಲ್ಲ, ಹಾಗಾಗಿ ಹೆಸರು ಬರೆಯುವ ಗೋಜೇ ಇಲ್ಲ. ಆಮೇಲೆ ‘ಟಿಂಪ್, ಪರ್ಕ್’, ಅಂದ್ರೆ ಬಾರಿಸುವವರು, ಕೊನೆಗೆ ‘ಸ್ಟ್ರಿಂಗ್ಸ್’, ಅಂದ್ರೆ ಪಿಟೀಲು ಬಳಗ. ಎಷ್ಟೋ ಸಲ ಪಿಟೀಲಿನವರ ತಲೆ ಎಣಿಸೋದೇ ಇಲ್ಲ, ಸಿಕ್ಕಷ್ಟು ಜನ ಬಂದರೆ ಸಾಕು.

ನಮ್ಮ ಮನೆಗೆ ಬೇಕಾದ್ದು ಎಂಟನೇ ಅಂಕಿ ಮಾತ್ರ. ಮಗ ಟ್ಯೂಬಾ ಅನ್ನೋ ಭಾರಿ ಹಿತ್ತಾಳೆ ಕಹಳೆ ಊದುತ್ತಾನೆ. ಅದರ ಪೆಟ್ಟಿಗೆ ಕಾರಿನ ಹಿಂದಿನ ಸೀಟು ಪೂರ್ತಿ ತಿನ್ನುತ್ತದೆ. ಅಲ್ಲಿ ಸೊನ್ನೆ ಇದ್ದರೆ ಶನಿವಾರ ನಮ್ಮದು. ಒಂದು ಇದ್ದರೆ ಮಗ ಮುಂದಿನ ಸೀಟು, ನಾನು, ಅತ್ತೆ ಬಸ್ಸು. ಮೊಜಾರ್ಟ್‌ನ 29ನೇ ಸಿಂಫನಿ ನೋಡಿ, 1774ರದ್ದು: 0.2.0.0 – 2.0.0.0. ಎರಡು ಓಬೋ, ಎರಡು ಹಾರ್ನ್, ತಂತಿವಾದ್ಯ, ಮುಗೀತು. ಟ್ಯೂಬಾಗೆ ಬರ್ಲಿನ್‌ನಲ್ಲಿ ಪೇಟೆಂಟ್ ಸಿಕ್ಕಿದ್ದೇ 1835ರಲ್ಲಿ. ಅದಕ್ಕಿಂತ ಮುಂಚೆ ಬರೆದವರೆಲ್ಲ ನನಗೆ ಒಳ್ಳೆಯವರೇ.

ಎಷ್ಟು ಜನ ಬೇಕು ಅಂತ ಈ ಅಂಕಿಗಳು ಹೇಳುತ್ತವೆ, ಎಷ್ಟು ಕೆಲಸ ಅಂತ ಹೇಳಲ್ಲ. ಕಾರ್ಯಕ್ರಮದ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಮೊದಲ ಭಾಗ ಮುಗಿಯಿತು, ಮಗ ಊದಲಿಲ್ಲ. ಎರಡನೇ ಭಾಗದಲ್ಲಿ ಕೆಲವೇ ಸ್ವರ ಊದಿದ, ಅದೂ ಮೆತ್ತಗೆ. ಮೂರು, ನಾಲ್ಕನೇ ಭಾಗದಲ್ಲಿ ಮತ್ತೆ ಸುಮ್ನೆ ಕೂತ. ಡ್ವೊರ್ಜಾಕ್ ಬರೆದಿರೋದೇ ಅಷ್ಟು. ಸಿಂಬಲ್ ಅನ್ನೋ ದೊಡ್ಡ ತಾಳಕ್ಕಂತೂ ಇಡೀ ಸಿಂಫನಿಯಲ್ಲಿ ಒಂದೇ ಏಟು, ಕೊನೇ ಭಾಗದಲ್ಲಿ. ಮೆಸೇಜಿನ ‘ಪರ್ಕ್’ನಲ್ಲಿ ಇದೆಲ್ಲಿ ಗೊತ್ತಾಗಬೇಕು?

“ಮಗೂಗೆ ಹುಷಾರಿಲ್ವೇನೇ?” ಅಂತ ಅತ್ತೆ ನಡುವೆಯೇ ಕೇಳಿದರು. ಅವರ ಪಿಸುಮಾತು ಮೂರು ಸಾಲಿಗೆ ಕೇಳುತ್ತದೆ. ಹೊರಗೆ ಬಂದ ಮೇಲೆ ಮೊಮ್ಮಗನನ್ನೇ ಹಿಡಿದರು. “ಇಷ್ಟಕ್ಕೇನೋ ಮರಿ, ಆ ಕೊಳಗ ಹೊತ್ಕೊಂಡು ಬಂದಿದ್ದು?”

“ಅಜ್ಜಿ, ನಾನು ತಪ್ಪದೆ ಎಣಿಸ್ತಾ ಕೂತಿದ್ದೆ, ಅದೇ ಕಷ್ಟ” ಅಂದ ಅವನು. ನಿಜ. ಆದರೆ ಎಣಿಸೋದಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಬೇಕಾ ಅಂತ ನನಗೂ ಅನ್ನಿಸಿತು.

ಮುಂದಿನ ಕಾರ್ಯಕ್ರಮಕ್ಕೆ ಬೆರ್ಲಿಯೋಜ್‌ನ ಸಿಂಫೊನಿ ಫಾಂಟಾಸ್ತಿಕ್ ಅಂತೆ. 1830ರದ್ದು ಅಂತ ತಿಳಿದು ಖುಷಿಯಾದೆ. ಟ್ಯೂಬಾ ಇನ್ನೂ ಇರಲಿಲ್ಲ, ಅಲ್ವಾ? ಮೆಸೇಜು ಬಂತು: 2.2.2.4 – 4.4.3.2. ಒಫಿಕ್ಲೈಡ್ ಅನ್ನೋ ಹಳೇ ವಾದ್ಯಕ್ಕೆ ಬರೆದದ್ದು ಈಗ ಟ್ಯೂಬಾ ಪಾಲಿಗೆ ಬಂದಿದೆ. ಅದೂ ಒಂದಲ್ಲ, ಎರಡು. ಆ ಇನ್ನೊಬ್ಬ ಹುಡುಗನ ಅಮ್ಮ ಆಗಲೇ ಫೋನ್ ಮಾಡಿದ್ದಾರೆ. ಅವರದು ಸಣ್ಣ ಕಾರಂತೆ, ನಮ್ಮದರಲ್ಲಿ ಜಾಗ ಇದೆಯಾ ಅಂತ.